ಹರಳೆಣ್ಣೆ ಇಡುವ ಜಾಗ

ನಮ್ಮಮ್ಮನ ವೈದ್ಯವೆಲ್ಲ ಹೊಕ್ಕುಳಿನಿಂದಲೇ ಶುರುವಾಗುತ್ತಿತ್ತು. ಜ್ವರ ಬಂದರೆ, ಕಣ್ಣು ಉರಿದರೆ, ಬೇಸಿಗೆಯಲ್ಲಿ ಉರಿಮೂತ್ರವಾದರೆ, ಪರೀಕ್ಷೆಯ ಹಿಂದಿನ ದಿನ ನಿದ್ದೆ ಬಾರದಿದ್ದರೆ, ಎಲ್ಲಕ್ಕೂ ಹೊಕ್ಕುಳಿಗೆ ಒಂದು ತೊಟ್ಟು ಹರಳೆಣ್ಣೆ. ಕಾಯಿಲೆ ಏನೂ ಇಲ್ಲದಿದ್ದರೂ ಶನಿವಾರದ ಎಣ್ಣೆನೀರು ತಪ್ಪುವ ಹಾಗಿರಲಿಲ್ಲ. ಯಲಹಂಕದ ನಮ್ಮ ಮನೆಯ ಬಚ್ಚಲಿನಲ್ಲಿ, ಹಂಡೆಯ ಹೊಗೆಗೆ ಕಣ್ಣು ಮುಚ್ಚಿಕೊಂಡು ನಾನು ಮಣೆಯ ಮೇಲೆ ಕೂತಿದ್ದರೆ, ಅಮ್ಮ ಬಟ್ಟಲಿಗೆ ನಡುಬೆರಳು ಅದ್ದಿ ಮೊದಲು ಹೊಕ್ಕುಳಿಗೆ ಇಟ್ಟು, ಬೆರಳನ್ನು ಅಲ್ಲೇ ಒಂದು ಸುತ್ತು ತಿರುಗಿಸಿ, ಆಮೇಲೆ ನೆತ್ತಿಗೆ ಕೈ ಹಾಕುತ್ತಿದ್ದಳು. ನನಗೆ ಮದುವೆಯಾಗಿ, ಇಬ್ಬರು ಮಕ್ಕಳಾಗಿ, ಯಶವಂತಪುರದ ಪ್ರೈಮರಿ ಸ್ಕೂಲಿನಲ್ಲಿ ಊರ ಮಕ್ಕಳ ಕಿವಿ ಹಿಂಡುವ ಮೇಡಮ್ಮು ಆದ ಮೇಲೂ, ತವರಿಗೆ ಹೋದರೆ ಈ ಉಪಚಾರದಿಂದ ಬಿಡುಗಡೆ ಇರಲಿಲ್ಲ.

ಇದಕ್ಕೆ ಕಾರಣವಿತ್ತು. ನನಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ಹೊಕ್ಕುಳಬಳ್ಳಿ ಒಣಗಿ ಬೀಳುವ ಮುಂಚೆಯೇ ಹೋಗಿಬಿಟ್ಟಿದ್ದವು. ನನ್ನದು ಒಣಗಿ ಬಿದ್ದ ದಿನ ಅಮ್ಮ ಅದನ್ನು ಬಚ್ಚಲ ಹಿಂದಿನ ಸೀಬೆಗಿಡದ ಬುಡದಲ್ಲಿ ಹೂತು, ಇದು ಉಳಿಯುವ ಕೂಸು ಎಂದು ಕೇರಿಗೆಲ್ಲ ಹೇಳಿಕೊಂಡು ಬಂದಳಂತೆ. ಆಮೇಲೆ ಮಕ್ಕಳಾಗಲಿಲ್ಲ. ಉಳಿದವಳು ನಾನೊಬ್ಬಳೇ. ಶನಿವಾರದ ಆ ಬೆರಳು ಬರೀ ಮದ್ದಲ್ಲ, ಮಗಳು ಇದ್ದಾಳೆ ಎಂದು ಮುಟ್ಟಿ ನೋಡಿಕೊಳ್ಳುವುದು ಎಂದು ನನಗೆ ಅರ್ಥವಾಗಲು ನಾನೇ ತಾಯಿಯಾಗಬೇಕಾಯಿತು.

ನಾನು ದಪ್ಪಗಾದದ್ದಕ್ಕೂ ಅಮ್ಮನೇ ಕಾರಣ. ಎರಡನೆಯ ಬಾಣಂತನದಲ್ಲಿ ಕೊಬ್ಬರಿ, ಬೆಲ್ಲ, ತುಪ್ಪ, ಅಂಟಿನುಂಡೆ, ಮತ್ತೆ ತುಪ್ಪ. ಬೇಡವೆಂದರೆ 'ಕೂಸಿಗೆ ಆಲು ಬೇಡ್ವಾ' ಎಂಬ ಪ್ರಶ್ನೆ. ಕೂಸು ಹಾಲು ಬಿಟ್ಟಿತು, ನಾನು ಉಂಡೆ ಬಿಡಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ತಿನ್ನುವುದೆಂದರೆ ಪ್ರಾಣ. ಜಟಕಾದವನು ನಾನು ಹತ್ತುವ ಮುಂಚೆಯೇ 'ಮುಂದಕ್ಕೆ ಬನ್ನೀಮ್ಮಾ, ಗಾಡಿ ಹಿಂದಕ್ಕೆ ಜಗ್ತದೆ' ಎನ್ನುವ ಮಟ್ಟಕ್ಕೆ ಬಂದೆ. ನನ್ನ ಗಂಡ ರೈಲ್ವೆಯಲ್ಲಿ ಪಾರ್ಸಲ್ ಆಫೀಸಿನ ಗುಮಾಸ್ತೆ. ಮನೆಯಲ್ಲಿ ತೂಕದ ಯಂತ್ರ ಎಲ್ಲಿಂದ ಬರಬೇಕು? ಗಾಡಿ ಇಲ್ಲದ ಹೊತ್ತು ನೋಡಿ ಅವರು ನನ್ನನ್ನು ಮೀನಿನ ಬುಟ್ಟಿ, ಹಣ್ಣಿನ ಪೆಟ್ಟಿಗೆಗಳನ್ನು ತೂಗುವ ಆಫೀಸಿನ ತಕ್ಕಡಿಯ ಹಲಗೆಯ ಮೇಲೆ ನಿಲ್ಲಿಸಿ, ಅದರ ಕಂಬಿಯ ಗುಂಡನ್ನು ಸರಿಸುತ್ತ ಸರಿಸುತ್ತ ಹೋಗಿ, ಕೊನೆಗೆ ಕೆಮ್ಮಿದರು.

ಅಷ್ಟಕ್ಕೇ ಆಗಿದ್ದರೆ ನಾನು ಹಾಗೇ ಇದ್ದುಬಿಡುತ್ತಿದ್ದೆ. ಹೊಕ್ಕುಳ ಹತ್ತಿರ ಒಂದು ಗಂಟು ಎದ್ದಿತು. ಕೆಮ್ಮಿದರೆ ಹೊರಗೆ ಬರುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಒಂದು ದಿನ ಒಳಗೆ ಹೋಗದೆ ನಿಂತು, ನೋವಿಗೆ ನಾನು ಕರಿಹಲಗೆಯ ಮುಂದೆಯೇ ಕುಸಿದು ಕೂತೆ. ಮಕ್ಕಳು ಕಿರುಚಿಕೊಂಡವು. ಪೇಟೆಯ ದೊಡ್ಡಾಸ್ಪತ್ರೆಗೆ ಹೋದದ್ದು ಹಾಗೆ. ಅಲ್ಲಿಯ ಸರ್ಜನ್ನು ವಿಲಾಯತಿಗೆ ಹೋಗಿ ಕಲಿತು ಬಂದವರು. ಗಂಟನ್ನು ಹೇಗೋ ಒಳಗೆ ತಳ್ಳಿ, ಹರ್ನಿಯಾ ಎಂದು ಹೆಸರು ಹೇಳಿ, "ಇಷ್ಟು ಕೊಬ್ಬಿನೊಳಗೆ ಹೊಲಿಗೆ ನಿಲ್ಲಲ್ಲಮ್ಮ. ಮೊದಲು ಮೈ ಇಳಿಸಿ, ಆಮೇಲೆ ಆಪರೇಷನ್ ಮಾತು" ಎಂದರು. ಕೊಡೆ ಮಡಿಸಿ ಬನ್ನಿ ಎಂದಷ್ಟು ಸಲೀಸಾಗಿ.

ನಾನು ಹಟಮಾರಿ. ಇಳಿಸಿ ಎಂದರೆ ಇಳಿಸಿದೆ. ಅನ್ನ ಬಿಟ್ಟೆ, ತುಪ್ಪದ ಡಬ್ಬಿಯನ್ನು ಅಟ್ಟದ ಮೇಲೆ ಇಡಿಸಿದೆ. ನಿಂಬೆಹಣ್ಣಿನ ಗಾತ್ರದ ಮುದ್ದೆ, ಬಸ್ಸಾರು, ನೀರು ಮಜ್ಜಿಗೆ. ಬೆಳಿಗ್ಗೆ ಮತ್ತೀಕೆರೆಯ ತನಕ ನಡೆದು ವಾಪಸ್ಸು ಬರುತ್ತಿದ್ದೆ. ನಡೆಯುವುದಕ್ಕೋಸ್ಕರವೇ ನಡೆಯುವ ಹೆಂಗಸನ್ನು ಆಗ ಯಾರೂ ಕಂಡಿರಲಿಲ್ಲ, 'ಏನಮ್ಮಾ, ಹಸು ತಪ್ಪಿಸಿಕೊಂಡಿತಾ' ಎಂದು ದಾರಿಯಲ್ಲಿ ಕೇಳುತ್ತಿದ್ದರು. ಎರಡನೆಯ ಯುಗಾದಿಯ ಹೊತ್ತಿಗೆ ಪಾರ್ಸಲ್ ತಕ್ಕಡಿಯ ಗುಂಡು ಅರ್ಧ ದಾರಿ ಹಿಂದಕ್ಕೆ ಬಂದಿತ್ತು. ನಾವಿದ್ದ ರೈಲ್ವೆ ಕ್ವಾರ್ಟರ್ಸಿನಲ್ಲಿ ಕ್ಷಯ ಎಂದು ಗುಸುಗುಸು ಎದ್ದಿತು. ಪಕ್ಕದ ಮನೆಯ ಬೀಬಿಯೊಬ್ಬರೇ ಧೈರ್ಯವಾಗಿ ಬಂದು, "ಏನ್ ಬೆಹೆನ್, ಮನೆಯವ್ರು ಊಟ ಹಾಕ್ತಾರೆ ತಾನೇ?" ಎಂದು ಕೇಳಿದ್ದು.

ಅಮ್ಮನಂತೂ ನನ್ನನ್ನು ನೋಡಿದ ಕೂಡಲೇ ರಟ್ಟೆ ಹಿಡಿದು ಅತ್ತುಬಿಟ್ಟಳು. "ಯಾವ್ ಪಾಪಿ ಕಣ್ ಬಿತ್ತೋ ನನ್ ಮಗೀನ್ ಮ್ಯಾಗೆ" ಎಂದು ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ದಪ್ಪಗಿದ್ದಾಗ ನಾನು ಅವಳ ಹೆಮ್ಮೆ, ಅವಳ ಕೈಗುಣಕ್ಕೆ ನಡೆದಾಡುವ ಸಾಕ್ಷಿ. ಈಗ ಆ ಹೆಮ್ಮೆಯನ್ನೆಲ್ಲ ನಾನು ಮತ್ತೀಕೆರೆ ದಾರಿಯಲ್ಲಿ ಚೆಲ್ಲಿ ಬಂದಿದ್ದೆ.

ಆದರೆ ಕೊಬ್ಬು ಹೋಯಿತೇ ಹೊರತು ಚರ್ಮ ಹೋಗಲಿಲ್ಲ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಹೊಟ್ಟೆಯ ಚರ್ಮ ರಾಗಿ ಸುರಿದು ಖಾಲಿ ಮಾಡಿದ ಗೋಣಿಚೀಲದ ಹಾಗೆ ತೊಡೆಯ ಮೇಲೆ ಜೋತುಬಿತ್ತು. ಕೂತರೆ ಮಡಿಲಲ್ಲಿ ಮಲಗುತ್ತಿತ್ತು. ಸೀರೆ ಉಡುವ ಮುಂಚೆ ಅದನ್ನು ಎತ್ತಿ ಮಡಿಸಿ ಲಂಗದೊಳಗೆ ಸೇರಿಸಬೇಕು, ಹಲಗೆಯ ಮೇಲೆ ಬರೆಯಲು ಕೈ ಎತ್ತಿದರೆ ಮತ್ತೆ ಜಾರಿ ಹೊರಗೆ. ಬೇಸಿಗೆಯಲ್ಲಿ ಮಡಿಕೆಯ ಸಂದು ಬೆವರಿ, ಕೆಂಪಾಗಿ, ರಕ್ತ ಜಿನುಗುತ್ತಿತ್ತು. ಗಂಡನ ಹಳೇ ಪಂಚೆ ಹರಿದು ಒಳಗೆ ಇಟ್ಟುಕೊಳ್ಳುತ್ತಿದ್ದೆ. ದಪ್ಪಗಿದ್ದಾಗ ಯಾವತ್ತೂ ನಾಚಿಕೆಪಡದವಳು ತೆಳ್ಳಗಾಗಿ ನಾಚಿಕೊಂಡೆ. ಗಂಡನ ಮುಂದೆ ದೀಪ ಆರಿಸದೆ ಬಟ್ಟೆ ಬದಲಿಸುತ್ತಿರಲಿಲ್ಲ. ಇಷ್ಟು ಕಷ್ಟಪಟ್ಟದ್ದು ಇದಕ್ಕಾ ಎಂದು ಸಿಟ್ಟು ಬರುತ್ತಿತ್ತು.

ಹಾಗಾಗಿ ಸರ್ಜನ್ನು, "ಗಂಟು ಹೊಲಿಯುವಾಗ ಈ ಜೋಲು ಚರ್ಮಾನೂ ತೆಗೆದುಬಿಡೋಣ. ಫಾರಿನ್‌ನಲ್ಲಿ ಇದನ್ನೆಲ್ಲ ಮಾಡ್ತಾರೆ" ಎಂದಾಗ ನನಗೆ ಕುಣಿಯುವಷ್ಟು ಖುಷಿಯಾಯಿತು. ನೀಲಿ ಪೆನ್ಸಿಲಿನಲ್ಲಿ ಸೊಂಟದ ಈ ಬದಿಯಿಂದ ಆ ಬದಿಯ ತನಕ ಗೆರೆ ಎಳೆದು ತೋರಿಸಿದರು. ದರ್ಜಿ ಸೀಮೆಸುಣ್ಣದಲ್ಲಿ ಬಟ್ಟೆಗೆ ಗುರುತು ಹಾಕುವುದನ್ನು ಸಾವಿರ ಸಲ ನೋಡಿದ್ದೇನೆ, ಮೈಗೆ ಹಾಕುವುದನ್ನು ನೋಡಿದ್ದು ಅದೇ ಮೊದಲು.

"ಹೊಟ್ಟೆ ನೆಟ್ಟಗಾಗುತ್ತಾ ಡಾಕ್ಟ್ರೇ?" ಎಂದು ಕೇಳಿದೆ.

"ಕಾಲೇಜು ಹುಡುಗಿ ಥರ ಆಗ್ತೀರಿ" ಎಂದರು.

ನಾನು ನಕ್ಕೆ. ಬೇರೇನೂ ಕೇಳಲಿಲ್ಲ. ಕೇಳಬೇಕಾದದ್ದು ಏನಾದರೂ ಇದೆ ಎಂದು ಹೊಳೆಯಲೂ ಇಲ್ಲ. ಮಕ್ಕಳನ್ನು ಯಲಹಂಕದಲ್ಲಿ ಅಮ್ಮನ ಹತ್ತಿರ ಬಿಟ್ಟು ಬಂದು ವಾರ್ಡಿಗೆ ಸೇರಿದೆ.

ಆಪರೇಷನ್ನಿನ ಬಗ್ಗೆ ನನಗೆ ನೆನಪಿರುವುದು ಮೂಗಿನ ಮೇಲೆ ಇಟ್ಟ ಮಂಪರು ಮದ್ದಿನ ಸಿಹಿ ವಾಸನೆ ಮಾತ್ರ. ಎಚ್ಚರವಾದಾಗ ಎದೆಯ ಕೆಳಗಿನಿಂದ ತೊಡೆಯ ತನಕ ಬ್ಯಾಂಡೇಜು. ಕೆಮ್ಮಲೂ ಭಯ, ನಗಲೂ ಭಯ. ದಿನಗಳು ಹಾಗೇ ಕಳೆದವು. ಕೊನೆಗೊಂದು ಬೆಳಿಗ್ಗೆ, ಕೇರಳದ ಕಡೆಯ ನರ್ಸಮ್ಮ ಟ್ರೇ ತಂದು ಪರದೆ ಎಳೆದು, ಪಟ್ಟಿಯನ್ನೆಲ್ಲ ಬಿಚ್ಚಿ ಹೊಲಿಗೆ ತೆಗೆಯಲು ಕೂತರು. "ನೋಡಬೇಡಿ ಅಮ್ಮಾ" ಎಂದರು. ನೋಡಬೇಡಿ ಎಂದರೆ ನೋಡದೆ ಇರುವ ಜಾತಿ ನನ್ನದಲ್ಲ. ದಿಂಬಿನಿಂದ ತಲೆ ಎತ್ತಿದೆ.

ಮೊದಲು ನನ್ನ ಕಾಲಿನ ಹೆಬ್ಬೆರಳುಗಳು ಕಂಡವು. ಎಷ್ಟೋ ವರ್ಷಗಳ ಮೇಲೆ ಮಲಗಿದ ಕಡೆಯಿಂದಲೇ ಕಂಡವು. ಕಣ್ಣಲ್ಲಿ ನೀರು ಬಂತು. ಹೊಟ್ಟೆ ಹಲಗೆಯ ಹಾಗೆ ಸಮವಾಗಿತ್ತು. ಕೆಳಗೆ ಸೊಂಟದ ಬದಿಯಿಂದ ಬದಿಗೆ ಕಪ್ಪು ದಾರದ ಸಾಲು. ಪರವಾಗಿಲ್ಲ, ದಾರ ತೆಗೆಯುತ್ತಾರೆ. ಆದರೂ ಏನೋ ಸರಿಯಿಲ್ಲ. ಏನು ಎಂದು ತಕ್ಷಣ ಗೊತ್ತಾಗಲಿಲ್ಲ. ಗೋಡೆಯ ಮೇಲಿನ ಗಡಿಯಾರವನ್ನು ಯಾರೋ ತೆಗೆದಿಟ್ಟಾಗ, ಮನೆಯೊಳಗೆ ಬಂದವರಿಗೆ ಬೆಪ್ಪಾಗುತ್ತದಲ್ಲ, ಹಾಗಾಯಿತು. ನಾನು ಆ ಸಮನಾದ ಚರ್ಮದ ಮೇಲೆ ಕಣ್ಣಾಡಿಸಿದೆ. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ. ಹತ್ತಿಯ ಚೂರು ಮುಚ್ಚಿಕೊಂಡಿರಬಹುದು ಎಂದು ಒಂದನ್ನು ನಾನೇ ಎತ್ತಿ ನೋಡಿದೆ.

"ಸಿಸ್ಟರ್, ನನ್ನ ಹೊಕ್ಕುಳು ಎಲ್ಲಿ?"

ನರ್ಸಮ್ಮ ಕತ್ತರಿ ಹಿಡಿದುಕೊಂಡೇ ನನ್ನ ಮುಖ ನೋಡಿದರು. "ಡಾಕ್ಟರ್ ಬರ್ತಾರೆ, ಅವರನ್ನ ಕೇಳಿ" ಎಂದು ಮತ್ತೆ ತಲೆ ತಗ್ಗಿಸಿದರು.

ಮೈಯಲ್ಲಿ ಆ ಜಾಗ ಬೇಕೇಬೇಕು ಎಂದು ಅದುವರೆಗೆ ನಾನು ಯೋಚಿಸಿದವಳಲ್ಲ. ಕ್ಲಾಸಿನಲ್ಲಿ ದೇಹದ ಭಾಗಗಳ ಪಾಠ ಮಾಡುವಾಗಲೂ ಅದನ್ನು ಹಾರಿಸಿಯೇ ಹೋಗುತ್ತಿದ್ದೆ, ಮಕ್ಕಳು ಕಿಸಕ್ಕನೆ ನಗುತ್ತವೆ ಎಂದು. ಈಗ ಅದಿಲ್ಲದ ಹೊಟ್ಟೆಯನ್ನು ನೋಡಿದರೆ ಮನುಷ್ಯರದು ಎನಿಸಲಿಲ್ಲ. ಅಂಗಡಿಯಲ್ಲಿ ಸೀರೆ ಉಡಿಸಿ ನಿಲ್ಲಿಸುವ ಬೊಂಬೆಗೆ ಹೀಗಿರುತ್ತದೆ. ಯಾರ ಹೊಟ್ಟೆಯಲ್ಲೂ ಹುಟ್ಟದವರಿಗೆ ಹೀಗಿರುತ್ತದೆ.

ಸರ್ಜನ್ನು ರೌಂಡ್ಸಿಗೆ ಬಂದರು. ಹೊಲಿಗೆಯ ಗೆರೆಯನ್ನು ಹೆಮ್ಮೆಯಿಂದ ನೋಡಿ 'ಬ್ಯೂಟಿಫುಲ್' ಎಂದರು. ನಾನು ಕೇಳಿದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಆ ಜಾಗಾನೇ ತೂತಾಗಿದ್ದು ಕಣಮ್ಮ. ಉಳಿಸಿದ್ರೆ ಗಂಟು ಮತ್ತೆ ಬರ್ತಿತ್ತು. ಆ ಚರ್ಮದ ಜೊತೇಲೇ ಹೋಯ್ತು. ನಿಮ್ಮ ಯಜಮಾನ್ರಿಗೆ ವರಾಂಡದಲ್ಲೇ ಹೇಳಿದ್ನಲ್ಲ?"

ಹೊಟ್ಟೆ ನನ್ನದು. ಹೇಳಿದ್ದು ಯಜಮಾನರಿಗೆ.

ಸಾಯಂಕಾಲ ಅವರು ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಬಂದರು. ನನ್ನ ಮುಖ ನೋಡಿದ ಕೂಡಲೇ ಫ್ಲಾಸ್ಕನ್ನು ದೂರದಲ್ಲಿ ಇಟ್ಟರು. ಬುದ್ಧಿವಂತರು.

"ಹೇಳಿದ್ರು ಕಣೇ," ಎಂದರು. "ಕಾಯಿಲೆ ಹೋಗುತ್ತಲ್ಲ ಅಂತ ಹೂಂ ಅಂದೆ. ಈ ವಯಸ್ಸಿನಲ್ಲಿ ಹೊಕ್ಕುಳಿಂದ ಏನ್ ಕೆಲ್ಸ ಹೇಳು?"

"ನಿಮ್ಮ ಮೀಸೆಯಿಂದ ಏನ್ ಕೆಲ್ಸ? ಬೋಳಿಸಿಕೊಂಡು ಬನ್ನಿ, ಆಮೇಲೆ ಮಾತಾಡೋಣ."

"ಹೇಳಿದ್ರೆ ನೀನು ಆಪರೇಷನ್ನೇ ಬೇಡ ಅಂತಿದ್ದೆ."

ಅನ್ನುತ್ತಿದ್ದೆನೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು. ನಾನು ಕೂಗಾಡಬೇಕೆಂದು ಬಾಯಿ ತೆರೆದೆ, ಗಾಯ ಎಲ್ಲಿಂದ ಎಲ್ಲಿಗೋ ಜಗ್ಗಿತು, ಹಲ್ಲು ಕಚ್ಚಿ ಮಲಗಿದೆ. ಕೂಗಾಡಲೂ ಬಿಡದ ಆಪರೇಷನ್ನು. ಅವರು ಮೆಲ್ಲಗೆ ಕಾಫಿ ಬಗ್ಗಿಸುತ್ತ, "ಅತ್ತೆಯವರಿಗೆ ಹೇಳ್ಬೇಡ" ಎಂದರು.

ಆಗ ನನಗೆ ಅಮ್ಮನ ನಡುಬೆರಳು ನೆನಪಾಯಿತು. ಅಲ್ಲಿಯವರೆಗೆ ಆಗಿದ್ದ ಗಾಬರಿ ಏನೂ ಅಲ್ಲ. ಎರಡು ಕೂಸು ಕಳಕೊಂಡು, ಒಂದು ಒಣಗಿದ ಹೊಕ್ಕುಳಬಳ್ಳಿಯನ್ನು ನಂಬಿ ಬದುಕಿದ ಹೆಂಗಸಿಗೆ ನಾನು ಏನೆಂದು ಹೇಳಲಿ? ಹೇಗಾದರೂ ಮಾಡಿ ಇದು ಅಮ್ಮನಿಗೆ ಗೊತ್ತಾಗಬಾರದು ಎಂದು ಗಟ್ಟಿ ಮಾಡಿಕೊಂಡೆ.

ನಮ್ಮ ಕಡೆ ಹೆಣ್ಣುಮಕ್ಕಳು ಆಸ್ಪತ್ರೆಯಿಂದ ಹೊರಬಿದ್ದರೆ ನೇರ ತವರಿಗೆ. ಹೆರಿಗೆಯಾಗಲಿ ಇನ್ನೊಂದಾಗಲಿ, ಹೊಟ್ಟೆ ಎಂದ ಮೇಲೆ ಬಾಣಂತನವೇ. ಯಶವಂತಪುರದಿಂದ ಪ್ಯಾಸೆಂಜರ್ ಗಾಡಿಯಲ್ಲಿ ದಿಂಬಿನ ಮೇಲೆ ಕೂತು ಯಲಹಂಕಕ್ಕೆ ಹೋದೆ. ಅಮ್ಮ ಕೋಣೆ ಸಾರಿಸಿ, ಮಂಚ ಹಾಕಿ, ಬೆಳ್ಳುಳ್ಳಿ ಖಾರ ಅರೆದು ಕಾಯುತ್ತಿದ್ದಳು. ಅವಳ ಎರಡು ಕಣ್ಣಿಗೂ ಪೊರೆ ಬಂದು, ಎದುರಿಗಿದ್ದವರು ನೆರಳಿನ ಹಾಗೆ ಕಾಣುತ್ತಿದ್ದ ಕಾಲ ಅದು. ನನ್ನನ್ನು ತಲೆಯಿಂದ ಕಾಲಿನವರೆಗೆ ಕೈಯಲ್ಲೇ ಸವರಿ ನೋಡಿದಳು. ಹೊಟ್ಟೆಯ ಹತ್ತಿರ ಬರುವಾಗ ನಾನು ಕೈ ಹಿಡಿದು ನಿಲ್ಲಿಸಿದೆ.

"ಗಾಯ ಇನ್ನೂ ಹಸಿ ಇದೆ ಕಣಮ್ಮ."

"ಆಯ್ತು ಬುಡು, ಮಾಗ್ಲಿ" ಎಂದಳು.

ಗಾಯ ಮಾಗಿತು. ನಾನು ಮಾತ್ರ ಹೊಟ್ಟೆಗೆ ಸುತ್ತಿದ ಬಟ್ಟೆಯನ್ನು ಬಿಚ್ಚಲಿಲ್ಲ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುತ್ತಿದ್ದೆ. ಶನಿವಾರ ಬಂದರೆ ಒಂದಲ್ಲ ಒಂದು ನೆಪ. ಡಾಕ್ಟರು ಎಣ್ಣೆ ಸೋಕಿಸಬಾರದು ಅಂದಿದ್ದಾರೆ. ಡಾಕ್ಟರು ಹೊಗೆ ಆಗಲ್ಲ ಅಂದಿದ್ದಾರೆ. "ಯಾವ್ ಸೀಮೆ ಡಾಕ್ಟ್ರು ಅವ್ನು, ಎಣ್ಣೆ ಬ್ಯಾಡ ಅನ್ನೋನು? ಅವ್ನ್ ತಾಯಿ ಅವ್ನ್ಗೆ ಎಣ್ಣೆ ಒತ್ತಿಲ್ವಾ?" ಎಂದು ಅಮ್ಮ ಗೊಣಗುತ್ತ ಬಟ್ಟಲನ್ನು ವಾಪಸ್ಸು ಒಯ್ಯುತ್ತಿದ್ದಳು. ಅವಳ ಬೆನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. ಇನ್ನು ಕೆಲವು ದಿನ ತಳ್ಳಿದರೆ ಸ್ಕೂಲು ಶುರುವಾಗುತ್ತದೆ, ಯಶವಂತಪುರಕ್ಕೆ ಓಡಿಹೋಗಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಆಮೇಲೆ? ಆಮೇಲಿನದು ಆಮೇಲೆ.

ಹೊರಡುವ ಮುಂಚಿನ ಶನಿವಾರ ಅಮ್ಮ ನನ್ನನ್ನು ಕೇಳಲೇ ಇಲ್ಲ. ನಸುಕಿನಲ್ಲೇ ಹಂಡೆಗೆ ಉರಿ ಹಾಕಿ, ಮಕ್ಕಳಿಬ್ಬರಿಗೂ ನೀರು ಹಾಕಿ ಕಳಿಸಿ, ಬಾಗಿಲಲ್ಲಿ ನಿಂತು, "ಬಾ ಮಗಾ" ಎಂದಳು. ಆ ದನಿಗೆ ಎದ್ದೆ. ಹೋಗಿ ಮಣೆಯ ಮೇಲೆ ಕೂತೆ. ಮಬ್ಬುಗತ್ತಲು, ಹೊಗೆ, ಅಮ್ಮನ ಪೊರೆಗಣ್ಣು. ಎಣ್ಣೆಯನ್ನು ನಾನೇ ಇಟ್ಟುಕೊಳ್ಳುತ್ತೇನೆ ಎಂದು ಬಟ್ಟಲಿಗೆ ಕೈ ಚಾಚಿದೆ. ಅವಳು ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

ನಡುಬೆರಳು ಅದ್ದಿದಳು. ಆ ಬೆರಳಿಗೆ ಕಣ್ಣು ಯಾವತ್ತೂ ಬೇಕಾಗಿರಲಿಲ್ಲ, ನೇರವಾಗಿ ಬಂದು ಅದರ ಜಾಗಕ್ಕೆ ಮುಟ್ಟಿತು. ಜಾಗ ಇರಲಿಲ್ಲ.

ಬೆರಳು ನಿಂತಿತು. ಆಮೇಲೆ ಸ್ವಲ್ಪ ಎಡಕ್ಕೆ ಸರಿಯಿತು. ಬಲಕ್ಕೆ. ತಾನೇ ತಪ್ಪಿದೆನೆಂದು ಎದೆಗೂಡಿನ ತುದಿಯಿಂದ ಗೇಣು ಹಾಕಿ ಅಳೆದುಕೊಂಡು ಮತ್ತೆ ಇಟ್ಟಳು. ಎಣ್ಣೆ ಹೊಟ್ಟೆಯ ಮೇಲೆಲ್ಲ ಇಳಿಯಿತು.

"ಎಲ್ಲೋಯ್ತೇ?"

"ಕುಯ್ದ್ರಮ್ಮ. ಗಂಟಿನ ಜೊತೆ."

ಅಮ್ಮ ಬಚ್ಚಲ ಕಲ್ಲಿನ ಮೇಲೆ ಹಾಗೇ ಕುಸಿದು ಕೂತಳು. ಈಗ ಎದೆ ಬಡಿದುಕೊಳ್ಳುತ್ತಾಳೆ, ಈಗ ಕೇರಿ ಸೇರುತ್ತದೆ ಎಂದು ನಾನು ಕಾದೆ. ಒಲೆಯಲ್ಲಿ ಸೌದೆ ಚಟಪಟ ಎನ್ನುತ್ತಿತ್ತು. ಅವಳು ಕೇಳಿದ್ದು ಇಷ್ಟೇ, "ನೋವಾಯ್ತಾ?"

"ಮದ್ದು ಕೊಟ್ಟಿದ್ರು. ಗೊತ್ತಾಗ್ಲಿಲ್ಲ."

"ಎಲ್ಲಾಕಿದ್ರಂತೆ ಅದ್ನ?"

ನನಗೆ ಗೊತ್ತಿರಲಿಲ್ಲ. ಸರ್ಜನ್ನನ್ನು ಬೈದುಕೊಂಡಿದ್ದೆ, ಗಂಡನ ಜೊತೆ ಜಗಳವಾಡಿದ್ದೆ, ಇದೊಂದನ್ನು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಯಾವುದೋ ಬಕೆಟ್ಟು, ಯಾವುದೋ ತಿಪ್ಪೆ. ಬಚ್ಚಲ ಗೋಡೆಯ ಆಚೆಗೆ ಸೀಬೆಗಿಡ. ಅದರ ಬುಡದಲ್ಲಿ ಅಮ್ಮ ಕೈಯಾರೆ ಮಣ್ಣು ಮುಚ್ಚಿದ್ದಳು. ಗೊತ್ತಿಲ್ಲಮ್ಮ ಎಂದೆ. ನನಗೆ ಅಳು ತಡೆಯಲಾಗಲಿಲ್ಲ.

ಅಮ್ಮ ಎದ್ದಳು. ಬಟ್ಟಲಿಗೆ ಮತ್ತೆ ಬೆರಳು ಅದ್ದಿದಳು. ನನ್ನ ಹೊಟ್ಟೆಯ ಮೇಲೆ ಎಲ್ಲೋ ಒಂದು ಕಡೆ ಒರೆಸುತ್ತಾಳೆ ಎಂದುಕೊಂಡೆ. ಅವಳು ತನ್ನ ಸೀರೆಯ ಗಂಟನ್ನು ಕೆಳಕ್ಕೆ ಸರಿಸಿ, ಆ ಎಣ್ಣೆಯನ್ನು ತನ್ನ ಹೊಕ್ಕುಳಿಗೆ ಇಟ್ಟುಕೊಂಡು, ಬೆರಳನ್ನು ಒಂದು ಸುತ್ತು ತಿರುಗಿಸಿದಳು.

"ಇಲ್ಲಿಕ್ಕಿದ್ರೂ ನಿಂಗೇ ಸೇರ್ತದೆ ಬುಡು," ಎಂದಳು. ಆಮೇಲೆ ಎಂದಿನ ಹಾಗೆ ನನ್ನ ನೆತ್ತಿಗೆ ಕೈ ಹಾಕಿ ತಟ್ಟತೊಡಗಿದಳು.

ನಾನು ಮಕ್ಕಳಿಗೆ ಆರೋಗ್ಯಶಾಸ್ತ್ರ ಪಾಠ ಹೇಳುವವಳು. ತಾಯಿಯ ಹೊಕ್ಕುಳಿಗೂ ಮಗಳಿಗೂ ಸಂಬಂಧವಿಲ್ಲ, ಅದು ಅಮ್ಮ ತನ್ನ ತಾಯಿಗೆ, ಅಬ್ಬಿಗೆರೆಯಲ್ಲಿ ತೀರಿಕೊಂಡ ನಮ್ಮಜ್ಜಿಗೆ, ಅಂಟಿಕೊಂಡಿದ್ದ ಗುರುತು ಎಂದು ನನಗೆ ಚೆನ್ನಾಗಿ ಗೊತ್ತು. ಎಂಥವರಿಗೂ ಎದುರುತ್ತರ ಕೊಡುವ ನಾನು ಆ ದಿನ ಅವಳು ತಟ್ಟಲಿ ಎಂದು ತಲೆ ಬಗ್ಗಿಸಿದೆ.

ಮಾರನೆಯ ದಿನ ನಮ್ಮನ್ನು ಕರೆದುಕೊಂಡು ಹೋಗಲು ಗಂಡ ಬಂದರು. ಅಮ್ಮ ಎಲೆ ಹಾಕಿ, ಮುದ್ದೆ ಇಟ್ಟು, ಕೋಳಿಸಾರು ಬಡಿಸಿದಳು. ಡಾಕ್ಟರಿಗೆ ಹೂಂ ಅಂದವರು ಯಾರೆಂದು ಹಿಂದಿನ ರಾತ್ರಿಯೇ ನನ್ನಿಂದ ಕೇಳಿ ತಿಳಿದುಕೊಂಡಿದ್ದಳು. ಅವರು ಮೊದಲ ತುತ್ತು ಮುರಿಯುವ ಹೊತ್ತಿಗೆ ಬಹಳ ವಿನಯವಾಗಿ ಕೇಳಿದಳು, "ನಿಮ್ ಒಕ್ಕುಳು ನೆಟ್ಗೈತಾ ಅಳಿಯಂದ್ರೇ?" ಅವರ ಕೈಯಿಂದ ಮುದ್ದೆ ಜಾರಿ ಸಾರಿನಲ್ಲಿ ಬಿತ್ತು. ಅಮ್ಮ ಇನ್ನೊಂದು ಸೌಟು ಸಾರು ಹಾಕಿ ಒಳಗೆ ಹೋದಳು.

ಆಮೇಲೆ ಅವಳು ಬದುಕಿದ್ದಷ್ಟು ವರ್ಷವೂ ಇದು ನಡೆಯಿತು. ಶನಿವಾರ ನಾನು ಯಶವಂತಪುರದಲ್ಲಿ ಇರಲಿ, ಎಲ್ಲೇ ಇರಲಿ, ಯಲಹಂಕದ ಬಚ್ಚಲಲ್ಲಿ ಅಮ್ಮ ಬೆರಳು ಅದ್ದಿ ತನ್ನ ಹೊಕ್ಕುಳಿಗೆ ಇಟ್ಟುಕೊಳ್ಳುತ್ತಿದ್ದಳು. ನಾನು ತವರಿನ ಹೊಸ್ತಿಲು ದಾಟಿದರೆ ಮೊದಲ ಪ್ರಶ್ನೆ, "ಒಟ್ಟೆ ತಂಪಾಯ್ತಾ ಮಗಾ?"

"ಆಯ್ತಮ್ಮ" ಎನ್ನುತ್ತಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಒಂದು ಸಲವೂ ಅನಿಸಲಿಲ್ಲ.